ಸಿಗ್ನಲ್ ಹತ್ತಿರ ಬಂದರೆ ಇಂಜಿನ್ ಆಫ್

ಕ್ಲಚ್ಚೇ ಇಲ್ಲದ ಗಾಡಿ ಆಫ್ ಆಗುವುದು ಹೇಗೆ ಎಂದು ಹೊಸದಾಗಿ ಆಟೊಮ್ಯಾಟಿಕ್ ಕೊಂಡವರು ಕೇಳುತ್ತಾರೆ. ಆಗುತ್ತದೆ. ಬೆಳಿಗ್ಗೆ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗಿ, ಬೆಂಗಳೂರಿನ ನೈಸ್ ರಸ್ತೆಯಲ್ಲಿ 80ರ ವೇಗದಲ್ಲಿ ತಕರಾರಿಲ್ಲದೆ ಓಡಿದ ಗಾಡಿ, ಟೋಲ್ ಹತ್ತಿರ ಬಂದು ಬ್ರೇಕ್ ಮೇಲೆ ಕಾಲಿಟ್ಟ ಕೂಡಲೇ ಒಮ್ಮೆ ನಡುಗಿ ಸುಮ್ಮನಾಗುತ್ತದೆ. ಡ್ಯಾಶ್‌ಬೋರ್ಡಿನ ದೀಪಗಳೆಲ್ಲ ಒಟ್ಟಿಗೆ ಹೊತ್ತಿಕೊಳ್ಳುತ್ತವೆ, ಸ್ಟೀರಿಂಗ್ ಬಿಗಿಯಾಗುತ್ತದೆ, ಹಿಂದಿನವನು ಹಾರ್ನ್ ಶುರು ಮಾಡುತ್ತಾನೆ. ಮತ್ತೆ ಸ್ಟಾರ್ಟ್ ಮಾಡಿದರೆ ಏನೂ ಆಗೇ ಇಲ್ಲವೆಂಬಂತೆ ಹೊರಡುತ್ತದೆ, ಮುಂದಿನ ಹಂಪ್ ಬರುವವರೆಗೆ.

ಗ್ಯಾರೇಜಿಗೆ ಒಯ್ದರೆ ಅಲ್ಲಿ ಅರ್ಧ ದಿನ ನಿಂತರೂ ಒಮ್ಮೆಯೂ ಆಫ್ ಆಗುವುದಿಲ್ಲ. ಆಗ ಶುರುವಾಗುವುದು "ಇದೊಂದು ಬದಲಿಸಿ ನೋಡೋಣ ಸಾರ್" ಎಂಬ ಚಿಕಿತ್ಸೆ. ಮೊದಲು ಸ್ಪಾರ್ಕ್ ಪ್ಲಗ್, ಆಮೇಲೆ ಇಗ್ನಿಷನ್ ಕಾಯಿಲ್, ಆಮೇಲೆ ಪೆಟ್ರೋಲ್ ಪಂಪು. ಮೂರೂ ಹೊಸದಾಗುತ್ತವೆ, ದೋಷ ಮಾತ್ರ ಹಳೆಯದೇ ಉಳಿಯುತ್ತದೆ. ಕಾರುಗಳ ತೊಂದರೆಗಳಲ್ಲಿ ಜನ ಸುಮ್ಮಸುಮ್ಮನೆ ಹೆಚ್ಚು ಹಣ ಕಳೆದುಕೊಳ್ಳುವುದು ಇದರಲ್ಲೇ ಎಂದು ನನಗನ್ನಿಸುತ್ತದೆ. ಏನು ಕೆಟ್ಟಿದೆ ಎಂದು ಕೇಳುವವರು ಬಹಳ. ಸರಿಯಾಗಿ ಯಾವ ಕ್ಷಣದಲ್ಲಿ ಆಫ್ ಆಯಿತು ಎಂದು ಕೇಳುವವರು ಕಡಿಮೆ. ಉತ್ತರ ಇರುವುದು ಈ ಎರಡನೆಯ ಪ್ರಶ್ನೆಯಲ್ಲಿ.

ಅದಕ್ಕೂ ಮೊದಲು ಒಂದು ಸಂಶಯ ನಿವಾರಿಸಿಕೊಳ್ಳಿ. ಈಗಿನ ಎಷ್ಟೋ ಗಾಡಿಗಳು ಪೆಟ್ರೋಲ್ ಉಳಿಸಲು ಸಿಗ್ನಲಿನಲ್ಲಿ ತಾವೇ ಇಂಜಿನ್ ನಿಲ್ಲಿಸುತ್ತವೆ. ಬ್ರೇಕಿನಿಂದ ಕಾಲೆತ್ತಿದರೆ ಮತ್ತೆ ಸ್ಟಾರ್ಟ್ ಆಗುತ್ತದೆ. ಇದನ್ನೇ ರೋಗವೆಂದುಕೊಂಡು ಸರ್ವಿಸ್ ಸೆಂಟರಿಗೆ ಓಡಿ ಬರುವವರು ಈಗಲೂ ಇದ್ದಾರೆ. ಮೀಟರಿನಲ್ಲಿ ವೃತ್ತಾಕಾರದ ಬಾಣದೊಳಗೆ 'ಎ' ಅಕ್ಷರದ ದೀಪ ಹೊತ್ತಿದ್ದರೆ ಗಾಡಿಗೆ ಏನೂ ಆಗಿಲ್ಲ.

ಉಳಿದವರ ಕಷ್ಟ ನಿಜವಾದದ್ದು. ಅದು ಅರ್ಥವಾಗಬೇಕಾದರೆ ಆಕ್ಸಿಲರೇಟರಿನಿಂದ ಕಾಲು ತೆಗೆದಾಗ ಒಳಗೆ ಏನು ನಡೆಯುತ್ತದೆ ಎಂಬುದು ಗೊತ್ತಿರಬೇಕು. ಓಡುವ ಗಾಡಿಯಲ್ಲಿ ಕಾಲೆತ್ತಿದ ಮೇಲೆ ಇಂಜಿನ್ ಚಕ್ರಗಳನ್ನು ತಿರುಗಿಸುವುದು ನಿಂತು, ಚಕ್ರಗಳೇ ಇಂಜಿನ್ನನ್ನು ತಿರುಗಿಸತೊಡಗುತ್ತವೆ. ಇಂಜಿನ್ ನಿಯಂತ್ರಿಸುವ ಕಂಪ್ಯೂಟರಿಗೆ, ಅಂದರೆ ಮೆಕ್ಯಾನಿಕ್‌ಗಳು 'ಇಸಿಎಂ' ಎನ್ನುವ ಪೆಟ್ಟಿಗೆಗೆ, ಇದು ಗೊತ್ತು. ಹೇಗೂ ಬಿಟ್ಟಿಯಾಗಿ ತಿರುಗುತ್ತಿದೆಯಲ್ಲ ಎಂದು ಅದು ಪೆಟ್ರೋಲನ್ನು ಪೂರ್ತಿ ನಿಲ್ಲಿಸಿಬಿಡುತ್ತದೆ. ಇಳಿಜಾರಿನಲ್ಲಿ ಕಾಲೆತ್ತಿ ಬರುವಾಗ ಇಂಜಿನ್ ಕುಡಿಯುವ ಪೆಟ್ರೋಲ್ ಬಹುಮಟ್ಟಿಗೆ ಸೊನ್ನೆ. ವೇಗ ಇಳಿದು ಇಂಜಿನ್ 1200–1500 ಆರ್‌ಪಿಎಂ ಆಸುಪಾಸಿಗೆ ಬಂದಾಗ ಮತ್ತೆ ಪೆಟ್ರೋಲ್ ಬಿಡಬೇಕು. ಅದೇ ಹೊತ್ತಿಗೆ ಥ್ರಾಟಲ್ ಕೂದಲೆಳೆಯಷ್ಟು ತೆರೆದು ಐಡಲಿಂಗಿಗೆ ಬೇಕಾದ ಗಾಳಿ ಬಿಡಬೇಕು. ಅದೇ ಹೊತ್ತಿಗೆ ಗೇರ್‌ಬಾಕ್ಸು ಇಂಜಿನ್ನನ್ನು ಚಕ್ರಗಳಿಂದ ಬಿಡಿಸಬೇಕು. ಒಂದೆರಡು ಸೆಕೆಂಡಿನೊಳಗೆ ಈ ಮೂರೂ ಆಗಿ, ಇಂಜಿನ್ 700–800 ಆರ್‌ಪಿಎಂನಲ್ಲಿ ತನ್ನ ಕಾಲ ಮೇಲೆ ತಾನು ನಿಲ್ಲಬೇಕು. ಹೆದ್ದಾರಿಯಲ್ಲಿ ಮುಚ್ಚಿಹೋಗಿದ್ದ ಸಣ್ಣಪುಟ್ಟ ದೋಷಗಳೆಲ್ಲ ಹೊರಬೀಳುವುದು ಇಲ್ಲೇ.

ಹಾಗಾಗಿ ಮೊದಲು ತಿಳಿಯಬೇಕಾದದ್ದು ಇಷ್ಟು: ಇಂಜಿನ್ ತಾನಾಗಿ ಸೋತಿತೋ, ಅಥವಾ ಗೇರ್‌ಬಾಕ್ಸ್ ಅದನ್ನು ಬಿಡದೆ ಎಳೆದು ನಿಲ್ಲಿಸಿತೋ? ಇದಕ್ಕೆ ದುಬಾರಿ ಸ್ಕ್ಯಾನರ್ ಬೇಡ, ಖಾಲಿ ರಸ್ತೆ ಸಾಕು. ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ 40ರ ವೇಗದಿಂದ ಮೆಲ್ಲಗೆ ಬ್ರೇಕ್ ಒತ್ತುತ್ತ ಬನ್ನಿ. 30ಕ್ಕೆ ಇಳಿದಾಗ ಗೇರ್ ಲಿವರನ್ನು 'ಡಿ'ಯಿಂದ 'ಎನ್'ಗೆ ತಳ್ಳಿ. ಬಹಳಷ್ಟು ಗಾಡಿಗಳಲ್ಲಿ ಇದಕ್ಕೆ ಲಿವರಿನ ಗುಂಡಿ ಒತ್ತಬೇಕಿಲ್ಲ. ಒತ್ತಲೂ ಬಾರದು, ಕೈತಪ್ಪಿ 'ಆರ್'ಗೆ ಹೋದೀತು. ಹೀಗೆ ನಾಲ್ಕಾರು ಸಲ ಮಾಡಿ. 'ಡಿ'ಯಲ್ಲಿ ಆಫ್ ಆಗುವ ಗಾಡಿ 'ಎನ್'ನಲ್ಲಿ ಒಮ್ಮೆಯೂ ಆಗದಿದ್ದರೆ ಅನುಮಾನ ಗೇರ್‌ಬಾಕ್ಸಿನ ಕಡೆಗೆ ವಾಲುತ್ತದೆ. 'ಎನ್'ನಲ್ಲೂ ಆಫ್ ಆದರೆ ಗೇರ್‌ಬಾಕ್ಸನ್ನು ಅದರ ಪಾಡಿಗೆ ಬಿಡಿ, ತಪ್ಪು ಇಂಜಿನ್ನಿನದು.

ವಾಲುತ್ತದೆ ಎಂದೆ, ಸಾಬೀತಾಯಿತು ಎನ್ನಲಿಲ್ಲ. 'ಎನ್'ನಲ್ಲಿ ಇಂಜಿನ್ನಿನ ಹೊರೆ ಕಡಿಮೆಯಾಗುವುದರಿಂದ ದುರ್ಬಲ ಇಂಜಿನ್ ಕೂಡ ಹೇಗೋ ಬದುಕಿಕೊಳ್ಳಬಹುದು. ಅದಕ್ಕೇ ಎರಡನೆಯ ಪರೀಕ್ಷೆ. ನಿಂತಲ್ಲೇ ಬ್ರೇಕ್ ಗಟ್ಟಿಯಾಗಿ ಒತ್ತಿ ಹಿಡಿದು, ಎಸಿ ಹಾಕಿ, 'ಡಿ'ಗೆ ತನ್ನಿ. ಐದು ನಿಮಿಷವಾದರೂ ಇಂಜಿನ್ ಅಲುಗದೆ ಓಡುತ್ತಿದ್ದರೆ ಐಡಲಿಂಗ್ ಗಟ್ಟಿಯಾಗಿದೆ ಎಂದರ್ಥ. ನಿಂತಾಗ ಗಟ್ಟಿ, ಓಡುತ್ತ ಬಂದು ನಿಲ್ಲುವಾಗ ಮಾತ್ರ ಆಫ್ ಎಂದಾದರೆ ಗೇರ್‌ಬಾಕ್ಸಿನ ಮೇಲಿನ ಅನುಮಾನಕ್ಕೆ ಬಲ ಬರುತ್ತದೆ.

ಗೇರ್‌ಬಾಕ್ಸ್ ಇಂಜಿನ್ನನ್ನು ಬಿಡುವುದಿಲ್ಲ ಎಂದರೇನು? ಸಾಂಪ್ರದಾಯಿಕ ಆಟೊಮ್ಯಾಟಿಕ್‌ನಲ್ಲಿ ಇಂಜಿನ್ನಿಗೂ ಗೇರುಗಳಿಗೂ ನಡುವೆ ಇರುವುದು ಟಾರ್ಕ್ ಕನ್ವರ್ಟರ್. ಇಂಜಿನ್ ಕಡೆಯ ಎಲೆಗಳು ಎಣ್ಣೆಯನ್ನು ಎರಚುತ್ತವೆ, ಆ ಎಣ್ಣೆಯ ರಭಸಕ್ಕೆ ಗೇರಿನ ಕಡೆಯ ಎಲೆಗಳು ತಿರುಗುತ್ತವೆ. ನಡುವೆ ಗಟ್ಟಿ ಕೊಂಡಿ ಇಲ್ಲ. ಆದ್ದರಿಂದಲೇ ಚಕ್ರ ನಿಂತರೂ ಇಂಜಿನ್ ಓಡುತ್ತಿರಬಲ್ಲದು. ಆದರೆ ಎಣ್ಣೆ ಸದಾ ಸ್ವಲ್ಪ ಜಾರುತ್ತದೆ, ಜಾರಿದಷ್ಟೂ ಪೆಟ್ರೋಲ್ ದಂಡ. ಒಂದು ಹದದ ವೇಗ ಬಂದಮೇಲೆ ಎರಡು ಕಡೆಯನ್ನೂ ಬಿಗಿಯಾಗಿ ಜೋಡಿಸುವ ಕ್ಲಚ್ಚೊಂದನ್ನು ಒಳಗಿಡುವ ಉಪಾಯವನ್ನು ಅಮೆರಿಕದ ಪ್ಯಾಕಾರ್ಡ್ ಕಂಪನಿ 1949ರಲ್ಲೇ ಮಾಡಿತ್ತು. ಎಪ್ಪತ್ತರ ದಶಕದ ತೈಲ ಬಿಕ್ಕಟ್ಟಿನ ತನಕ ಅದಕ್ಕೆ ಹೆಚ್ಚಿನ ಬೆಲೆ ಇರಲಿಲ್ಲ. ಮೈಲೇಜಿನ ಬಗ್ಗೆ ಕಾನೂನು ಬಂದಮೇಲೆ, 1978ರ ಮಾಡೆಲಿನಿಂದ ಕ್ರೈಸ್ಲರ್ ತನ್ನ ಗಾಡಿಗಳಿಗೆ ಈ ಲಾಕ್-ಅಪ್ ಕ್ಲಚ್ ತಂದಿತು. ಜನರಲ್ ಮೋಟರ್ಸೂ ಹಿಂದೆಯೇ ಬಂತು.

ಇಲ್ಲಿಂದಲೇ ನಮ್ಮ ಕಾಯಿಲೆಯ ಚರಿತ್ರೆಯೂ ಶುರು. ಜನರಲ್ ಮೋಟರ್ಸ್‌ನ ಟರ್ಬೊ ಹೈಡ್ರಾಮ್ಯಾಟಿಕ್ 125ಸಿ ಎಂಬ ಗೇರ್‌ಬಾಕ್ಸು ಎಂಬತ್ತರ ದಶಕದ ಅಮೆರಿಕದ ಗ್ಯಾರೇಜುಗಳಲ್ಲಿ ಇದಕ್ಕೇ ಹೆಸರುವಾಸಿ. ಲಾಕ್-ಅಪ್ ಕ್ಲಚ್ಚಿಗೆ ಎಣ್ಣೆ ಬಿಡುವ ಸಣ್ಣ ಸಾಲೆನಾಯ್ಡ್, ಇಂಜಿನ್ ಬಿಸಿಯಾದ ಮೇಲೆ ಅಂಟಿಕೊಂಡುಬಿಡುತ್ತಿತ್ತು. ಕ್ಲಚ್ ಬಿಡುತ್ತಲೇ ಇರಲಿಲ್ಲ. ಮ್ಯಾನುವಲ್ ಗಾಡಿಯಲ್ಲಿ ಕ್ಲಚ್ ಒತ್ತುವುದನ್ನು ಮರೆತು ಬ್ರೇಕ್ ಹಾಕಿದರೆ ಹೇಗೋ ಹಾಗೆ ಧಡಧಡನೆ ಕುಲುಕಿ ಇಂಜಿನ್ ನಿಲ್ಲುತ್ತಿತ್ತು. ಗೇರ್‌ಬಾಕ್ಸಿನ ಪಕ್ಕದಲ್ಲಿ ಆ ಸಾಲೆನಾಯ್ಡಿಗೆ ಹೋಗುವ ವೈರ್ ಕಿತ್ತು ಗಿರಾಕಿಯನ್ನು ಮನೆಗೆ ಕಳಿಸುವುದು ಅಲ್ಲಿನ ಮೆಕ್ಯಾನಿಕ್‌ಗಳಿಗೆ ರೂಢಿಯಾಗಿತ್ತು. ವೈರ್ ಕಿತ್ತ ಮೇಲೆ ಆಫ್ ಆಗದಿದ್ದರೆ ದೋಷ ಸಿಕ್ಕಂತೆಯೂ ಆಯಿತು. ಅಂಥ ಜುಗಾಡು ಇಂದಿನ ಗಾಡಿಗಳಲ್ಲಿ ನಡೆಯುವುದಿಲ್ಲ, ಒಂದು ವೈರ್ ಕಿತ್ತರೆ ಗೇರ್‌ಬಾಕ್ಸ್ ಒಂದೇ ಗೇರಿಗೆ ಅಂಟಿಕೊಂಡು ಮುಷ್ಕರ ಹೂಡೀತು. ಆದರೆ ಲಾಕ್-ಅಪ್ ಬಿಡದಿರುವ ದೋಷಕ್ಕೆ ಈಗ ಪಿ0742 ಎಂಬ ಕೋಡ್ ಇದೆ. ಸ್ಕ್ಯಾನರಿನಲ್ಲಿ ಅದು ಕಂಡರೆ ಪ್ಲಗ್ ಬದಲಿಸುವ ಮಾತಿಗೆ ತಲೆಯಾಡಿಸಬೇಡಿ. ಗೇರ್‌ಬಾಕ್ಸ್ ಆಯಿಲಿನ ಮಟ್ಟ, ಬಣ್ಣ, ವಾಸನೆ ನೋಡಿಸಿ. ಕರಕಲು ವಾಸನೆಯ ಕಪ್ಪು ಎಣ್ಣೆ ಇದ್ದರೆ ಅದೇ ಅರ್ಧ ಕಥೆ ಹೇಳುತ್ತದೆ.

ನಮ್ಮಲ್ಲಿ ಮಾತ್ರ ಒಂದು ಗೊಂದಲವಿದೆ. ಕ್ಲಚ್ ಪೆಡಲ್ ಇಲ್ಲದ್ದನ್ನೆಲ್ಲ ನಾವು ಆಟೊಮ್ಯಾಟಿಕ್ ಎನ್ನುತ್ತೇವೆ. 2014ರಲ್ಲಿ ಮಾರುತಿ ಸೆಲೆರಿಯೊ ಜೊತೆ ಬಂದ ಎಎಂಟಿ ಅಗ್ಗವಾಗಿ ಸಿಕ್ಕಿತು, ಮನೆಮನೆಗೂ ಬಂತು. ಅದರೊಳಗೆ ಟಾರ್ಕ್ ಕನ್ವರ್ಟರ್ ಇಲ್ಲ. ಇರುವುದು ಮ್ಯಾನುವಲ್ ಗಾಡಿಯದೇ ಗೇರ್‌ಬಾಕ್ಸು, ಅದೇ ಕ್ಲಚ್ ಪ್ಲೇಟು. ನಿಮ್ಮ ಎಡಗಾಲಿನ ಕೆಲಸವನ್ನು ಒಂದು ಆಕ್ಚುಯೇಟರ್ ಮಾಡುತ್ತದೆ, ಅಷ್ಟೇ. ಆ ಆಕ್ಚುಯೇಟರ್ ತಡಮಾಡಿದರೆ, ಅದರ ಎಣ್ಣೆ ಕಡಿಮೆಯಾದರೆ, ಸಿಲ್ಕ್ ಬೋರ್ಡ್ ದಟ್ಟಣೆಯಲ್ಲಿ ತೆವಳಿ ತೆವಳಿ ಕ್ಲಚ್ ಪ್ಲೇಟು ಸವೆದು ಕಂಪ್ಯೂಟರಿನ ಲೆಕ್ಕ ತಪ್ಪಿದರೆ, ನಿಲ್ಲುವಾಗ ಇಂಜಿನ್ ಆಫ್ ಆಗುವುದು ಸಹಜ. ಇಂಥ ಗಾಡಿಗೆ ಕೆಲವೊಮ್ಮೆ ಕ್ಲಚ್ ಎಲ್ಲಿ ಕಚ್ಚುತ್ತದೆ, ಎಲ್ಲಿ ಬಿಡುತ್ತದೆ ಎಂಬುದನ್ನು ಸ್ಕ್ಯಾನರಿನಿಂದ ಮತ್ತೆ ಕಲಿಸಿದರೆ ಸಾಕಾಗುತ್ತದೆ. ಎಎಂಟಿ ಗಾಡಿಯ ಯಜಮಾನನಿಗೆ ಟಾರ್ಕ್ ಕನ್ವರ್ಟರ್ ಹೋಗಿದೆ ಎಂದು ಯಾರಾದರೂ ಹೇಳಿದರೆ ಕೀ ವಾಪಸ್ ಇಸಿದುಕೊಂಡು ಬರುವುದು ಕ್ಷೇಮ.

ಇನ್ನು ಇಂಜಿನ್ನಿನ ಕಡೆ. ನೂರಕ್ಕೆ ಇಷ್ಟು ಎಂದು ನಾನು ಲೆಕ್ಕ ಕೊಡಲಾರೆ, ಆದರೆ ಮೊದಲು ನೋಡಬೇಕಾದದ್ದು ಥ್ರಾಟಲ್ ಬಾಡಿ. ಇಂಜಿನ್ ಆಯಿಲಿನ ಆವಿ ಬಂದು ಥ್ರಾಟಲ್ ತಟ್ಟೆಯ ಅಂಚಿನಲ್ಲಿ ಕಾರ್ಬನ್ ಕಟ್ಟುತ್ತದೆ. ಜೋರಾಗಿ ಓಡುವಾಗ ತಟ್ಟೆ ಅಗಲವಾಗಿ ತೆರೆದಿರುವುದರಿಂದ ಲೆಕ್ಕಕ್ಕಿಲ್ಲ. ಐಡಲಿಂಗಿನಲ್ಲಿ ಗಾಳಿ ಹೋಗುವ ಸಂದಿಯೇ ಕಿರಿದು, ಅದರಲ್ಲಿ ಅರ್ಧ ಕಾರ್ಬನ್ ನುಂಗಿದರೆ ಇಂಜಿನ್ನಿಗೆ ಉಸಿರು ಕಟ್ಟುತ್ತದೆ. ಕ್ಲೀನರ್ ಸ್ಪ್ರೇ, ಮೆತ್ತನೆ ಬಟ್ಟೆ, ಅರ್ಧ ಗಂಟೆಯ ಕೆಲಸ. ಇಗ್ನಿಷನ್ ಆನ್ ಇದ್ದಾಗ ತಟ್ಟೆಯನ್ನು ಬೆರಳಿನಿಂದ ತಳ್ಳಬಾರದು: ಒಳಗಿನ ಮೋಟರಿನ ಹಲ್ಲುಗಳಿಗೂ ಕೇಡು, ಬೆರಳಿಗೂ ಕೇಡು. ತಮಾಷೆಯೆಂದರೆ, ಚೊಕ್ಕ ಮಾಡಿದ ದಿನವೇ ಗಾಡಿ ಮೊದಲಿಗಿಂತ ಕೆಟ್ಟದಾಗಿ ನಡೆಯಬಹುದು. ಕಂಪ್ಯೂಟರು ಕೊಳೆಯ ಜೊತೆ ಹೊಂದಿಕೊಂಡು ತಟ್ಟೆಯನ್ನು ಇಷ್ಟೆಂದು ತೆರೆಯುವುದನ್ನು ರೂಢಿ ಮಾಡಿಕೊಂಡಿರುತ್ತದೆ. ಕೊಳೆ ಹೋದರೆ ಹಳೆಯ ಲೆಕ್ಕ ಸುಳ್ಳಾಗುತ್ತದೆ. ಐಡಲಿಂಗನ್ನು ಮತ್ತೆ ಕಲಿಸಬೇಕು. ಇದೇ ಕಾರಣಕ್ಕೆ, "ಬ್ಯಾಟರಿ ಬದಲಿಸಿದ ದಿನದಿಂದ ಸಿಗ್ನಲಿನಲ್ಲಿ ಆಫ್ ಆಗ್ತಿದೆ" ಎಂಬ ದೂರು ಬಂದರೆ ಅದನ್ನು ಕಾಕತಾಳೀಯ ಎಂದು ತಳ್ಳಿಹಾಕಬಾರದು. ಬ್ಯಾಟರಿ ತೆಗೆದಾಗ ಕಲಿತದ್ದು ಅಳಿಸಿಹೋಗಿ, ಕೊಳೆ ಮಾತ್ರ ಉಳಿದಿರುತ್ತದೆ.

ಜೆ.ಸಿ. ರಸ್ತೆಯ ಹಿಂಬದಿಯ ಗ್ಯಾರೇಜೊಂದರಲ್ಲಿ ನಾನು ಕಂಡದ್ದನ್ನು ಹೇಳುತ್ತೇನೆ. ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರ, ಸಿವಿಟಿ ಎಂಬ ಬಗೆಯ ಆಟೊಮ್ಯಾಟಿಕ್ ಗಾಡಿ. ಬೇರೆ ಕಡೆ ಪ್ಲಗ್ಗೂ ಪೆಟ್ರೋಲ್ ಪಂಪೂ ಬದಲಾಗಿದ್ದವು. ಮೆಕ್ಯಾನಿಕ್ ಮೊದಲಿಗೆ ಬಾನೆಟ್ ಎತ್ತಲೇ ಇಲ್ಲ, ಪಕ್ಕದ ಸೀಟಿನಲ್ಲಿ ಕೂತು ಪ್ರಶ್ನೆ ಕೇಳತೊಡಗಿದ.

"ಕಾಲು ತೆಗೆದಾಗ ಆಫ್ ಆಗುತ್ತಾ ಸಾರ್, ಬ್ರೇಕ್ ಒತ್ತಿದಾಗ ಆಗುತ್ತಾ?"

"ಎರಡೂ ಒಂದೇ ಅಲ್ಲವೇನಪ್ಪ?"

"ಒಂದೇ ಅಲ್ಲ ಸಾರ್. 'ಪಿ'ನಲ್ಲೇ ಇರಲಿ, ಬ್ರೇಕ್ ಒತ್ತಿ ಹಿಡೀರಿ."

ಹಿಡಿದರು. 750ರಲ್ಲಿದ್ದ ಮುಳ್ಳು ನಡುಗುತ್ತ 500ಕ್ಕೆ ಇಳಿಯಿತು. ಪೆಡಲಿನ ಹಿಂದಿನಿಂದ ಸುಯ್ ಎಂಬ ಸದ್ದು. ಕಾಲು ತೆಗೆದರೆ ಮುಳ್ಳು ಮತ್ತೆ 750. ಗಾಡಿ ಕದಲಿಲ್ಲ, ಗೇರ್ 'ಪಿ'ಯಲ್ಲಿದೆ, ಹಾಗಾಗಿ ಗೇರ್‌ಬಾಕ್ಸಿನ ಪ್ರಶ್ನೆಯೇ ಇಲ್ಲ. ಆಗ ಆತ ಇಳಿದು ಬಾನೆಟ್ ತೆಗೆದು, ಇಂಜಿನ್ನಿನಿಂದ ಬ್ರೇಕ್ ಬೂಸ್ಟರಿಗೆ ಹೋಗುವ ದಪ್ಪ ರಬ್ಬರ್ ಪೈಪನ್ನು ಇಕ್ಕಳದಲ್ಲಿ ಅದುಮಿ ಹಿಡಿದ. "ಈಗ ಒತ್ತಿ ಸಾರ್." ಮುಳ್ಳು ಅಲುಗಲಿಲ್ಲ. ಬೂಸ್ಟರಿನ ಒಳಗಿನ ರಬ್ಬರ್ ಪರದೆ ಹರಿದಿತ್ತು. ಬ್ರೇಕ್ ಒತ್ತಿದಾಗಲೆಲ್ಲ ಅಲ್ಲಿಂದ ಕಳ್ಳಗಾಳಿ ನುಗ್ಗಿ ಇಂಜಿನ್ನಿನ ಮಿಶ್ರಣ ತೆಳುವಾಗುತ್ತಿತ್ತು. ಒಂದೂ ಬಿಡಿಭಾಗ ಬಿಚ್ಚದೆ ದೋಷ ಸಿಕ್ಕಿತು. ಇಂಥ ಬೂಸ್ಟರಿಟ್ಟುಕೊಂಡು ಓಡಿಸುವುದು ಇಂಜಿನ್ ಆಫ್ ಆಗುವುದಕ್ಕಿಂತ ದೊಡ್ಡ ಅಪಾಯ ಎಂದು ಆತ ಗಾಡಿಯನ್ನು ಆ ದಿನ ಹೊರಬಿಡಲಿಲ್ಲ, ಅದೂ ಸರಿಯೇ.

ಕಳ್ಳಗಾಳಿಗೆ ದಾರಿಗಳು ಇನ್ನೂ ಇವೆ. ಬಿರುಕುಬಿಟ್ಟ ವ್ಯಾಕ್ಯೂಮ್ ಪೈಪು, ಮ್ಯಾನಿಫೋಲ್ಡ್ ಗ್ಯಾಸ್ಕೆಟ್ಟು. ಇವನ್ನು ಹುಡುಕಲು ಸ್ಕ್ಯಾನರಿನಲ್ಲಿ ಫ್ಯುಯೆಲ್ ಟ್ರಿಮ್ ಎಂಬ ಅಂಕಿಯನ್ನು ನೋಡಬೇಕು. ಕಂಪ್ಯೂಟರು ತನ್ನ ಲೆಕ್ಕಕ್ಕಿಂತ ಎಷ್ಟು ಹೆಚ್ಚು ಪೆಟ್ರೋಲ್ ಸುರಿಯಬೇಕಾಗಿ ಬಂತು ಎಂಬುದನ್ನು ಅದು ಶೇಕಡಾದಲ್ಲಿ ಹೇಳುತ್ತದೆ. ಐಡಲಿಂಗಿನಲ್ಲಿ 20ರ ಮೇಲಿದ್ದು, 2500 ಆರ್‌ಪಿಎಂಗೆ ಏರಿಸಿದರೆ 5ರ ಹತ್ತಿರ ಇಳಿದರೆ ಎಲ್ಲೋ ಗಾಳಿ ಸೋರಿದೆ. ಎರಡರಲ್ಲೂ ಹೆಚ್ಚಿದ್ದರೆ ಪೆಟ್ರೋಲಿನ ಒತ್ತಡವನ್ನೋ ಗಾಳಿ ಅಳೆಯುವ ಸೆನ್ಸರನ್ನೋ ಸಂಶಯಿಸಬೇಕು. ಕೆಲವರು ಈಗಲೂ ವ್ಯಾಕ್ಯೂಮ್ ಗೇಜ್ ಹಾಕಿ ನೋಡುತ್ತಾರೆ, ಒಳ್ಳೆಯದೇ. ಆದರೆ ಪುಸ್ತಕದಲ್ಲಿ ಬರೆದ 17–21 ಇಂಚು ಸಮುದ್ರಮಟ್ಟದ ಲೆಕ್ಕ. ಎತ್ತರ ಸಾವಿರ ಅಡಿ ಏರಿದರೆ ಸುಮಾರು ಒಂದು ಇಂಚು ಕಳೆಯಬೇಕು. ಮಂಗಳೂರಿನಲ್ಲಿ 19 ತೋರಿಸುವ ಆರೋಗ್ಯವಂತ ಇಂಜಿನ್, 3000 ಅಡಿ ಎತ್ತರದ ಬೆಂಗಳೂರಿನಲ್ಲಿ 16 ತೋರಿಸುತ್ತದೆ. ಅದನ್ನು ಕಂಡು ಇಂಜಿನ್ ಬಿಚ್ಚಿಸಬೇಡಿ.

ಎಥನಾಲ್ ಬಗ್ಗೆ ಒಂದು ಮಾತು, ಏಕೆಂದರೆ ಈಗ ಗಾಡಿ ಕೆಮ್ಮಿದರೂ ಅದರ ತಲೆಗೇ ಕಟ್ಟುತ್ತಾರೆ. ಎಥನಾಲ್ ಬೆರೆಸಿದ ಇ20 ಪೆಟ್ರೋಲಿಗೆ 2023ರ ಫೆಬ್ರವರಿಯಲ್ಲಿ ಚಾಲನೆ ಸಿಕ್ಕಿದ್ದು ಬೆಂಗಳೂರಿನಲ್ಲೇ. ಬರೀ ಪೆಟ್ರೋಲಿಗೆ ಒಂದಕ್ಕೆ 14.7 ಪಾಲು ಗಾಳಿ ಬೇಕಾದರೆ ಇ20ಗೆ ಸುಮಾರು 13.5 ಸಾಕು. ಅಂದರೆ ಅಷ್ಟೇ ಗಾಳಿಗೆ ಸ್ವಲ್ಪ ಹೆಚ್ಚು ಇಂಧನ ಸುರಿಯಬೇಕು. ಆಕ್ಸಿಜನ್ ಸೆನ್ಸರ್ ಸರಿಯಿರುವ ಗಾಡಿ ಇದನ್ನು ತಾನೇ ಸರಿದೂಗಿಸುತ್ತದೆ. ನಿಧಾನಿಸಿದಾಗ ಮಾತ್ರ ಆಫ್ ಆಗುವುದಕ್ಕೆ ಎಥನಾಲ್ ಒಂದೇ ಕಾರಣ ಎಂಬುದನ್ನು ನಾನು ಒಪ್ಪುವುದಿಲ್ಲ. ಆದರೆ ಮೊದಲೇ ಗಾಳಿ ಸೋರುತ್ತಿರುವ ಹಳೆಯ ಗಾಡಿಯಲ್ಲಿ ಎರಡೂ ಸೇರಿ ಒಂದೇ ದಿಕ್ಕಿಗೆ ಎಳೆಯುತ್ತವೆ ಎಂಬುದು ನಿಜ.

ಪೆಟ್ರೋಲ್ ಬಂಕಿಗೆ ಸಂಬಂಧಿಸಿದ ಇನ್ನೊಂದು ದೋಷವನ್ನು ನಾವೇ ತಂದುಕೊಳ್ಳುತ್ತೇವೆ. ನಳಿಕೆ ತಾನಾಗಿ ಕಟ್ಟಾದ ಮೇಲೂ "ರೌಂಡ್ ಫಿಗರ್ ಮಾಡ್ಲಾ ಸಾರ್?" ಎಂದು ಕೇಳಿ ಹುಡುಗ ಮತ್ತಷ್ಟು ಸುರಿಯುತ್ತಾನೆ, ನಾವು ಹೂಂ ಎನ್ನುತ್ತೇವೆ. ಟ್ಯಾಂಕಿನ ಆವಿಯನ್ನು ಹಿಡಿದಿಡಲು ಇದ್ದಿಲು ತುಂಬಿದ ಒಂದು ಡಬ್ಬಿ ಇರುತ್ತದೆ. ಅದು ಆವಿಗಾಗಿ ಇರುವುದು, ದ್ರವಕ್ಕಾಗಿ ಅಲ್ಲ. ಕಂಠಮಟ್ಟ ತುಂಬಿಸಿದರೆ ದ್ರವ ಪೆಟ್ರೋಲೇ ಅದರೊಳಗೆ ಹೋಗಿ ಡಬ್ಬಿಯನ್ನೂ ಅದರ ಪರ್ಜ್ ವಾಲ್ವನ್ನೂ ಕೆಡಿಸುತ್ತದೆ. ಆ ವಾಲ್ವು ಮುಚ್ಚದೆ ಹೋದರೆ ಐಡಲಿಂಗಿನಲ್ಲಿ ಬೇಡದ ಆವಿ ನುಗ್ಗುತ್ತದೆ. ಟ್ಯಾಂಕ್ ತುಂಬಿಸಿದ ಕೂಡಲೇ ಸ್ಟಾರ್ಟ್ ಆಗಲು ಸತಾಯಿಸಿ, ಮೊದಲ ಸಿಗ್ನಲಿನಲ್ಲೇ ನಿಲ್ಲುವ ಗಾಡಿಯಲ್ಲಿ ಮೊದಲು ನೋಡಬೇಕಾದದ್ದು ಇದನ್ನೇ.

ಇಂಜಿನ್ ತಿರುಗುವುದನ್ನು ಕಂಪ್ಯೂಟರಿಗೆ ತಿಳಿಸುವ ಕ್ರ್ಯಾಂಕ್ ಸೆನ್ಸರಿನ ಚಹರೆ ಬೇರೆ. ಐಡಲಿಂಗ್ ದುರ್ಬಲವಾದಾಗ ಆರ್‌ಪಿಎಂ ಮುಳ್ಳು ಒದ್ದಾಡುತ್ತ ಇಳಿಯುತ್ತದೆ. ಈ ಸೆನ್ಸರ್ ಕೈಕೊಟ್ಟರೆ ಗಾಡಿ ಇನ್ನೂ ಓಡುತ್ತಿರುವಾಗಲೇ ಮುಳ್ಳು ಸ್ವಿಚ್ ಆರಿಸಿದಂತೆ ಸೊನ್ನೆಗೆ ಬೀಳುತ್ತದೆ. ಬಿಸಿಯಲ್ಲಿ ಕೆಟ್ಟು, ಅರ್ಧ ಗಂಟೆ ತಣಿದ ಮೇಲೆ ಮತ್ತೆ ಸರಿಯಾಗುವುದು ಇದರ ಸ್ವಭಾವ. ಟೋಯಿಂಗ್ ಗಾಡಿ ಬರುವ ಹೊತ್ತಿಗೆ ಸ್ಟಾರ್ಟ್ ಆಗಿ ನಿಮ್ಮ ಮಾನ ಕಳೆಯುವುದೂ ಇದೇ.

ಡೀಸೆಲ್ ಆಟೊಮ್ಯಾಟಿಕ್‌ಗಳಲ್ಲಿ ಈ ಪಟ್ಟಿ ಬಹಳ ಮಟ್ಟಿಗೆ ಬದಲಾಗುತ್ತದೆ. ಅಲ್ಲಿ ಡೀಸೆಲ್ ಫಿಲ್ಟರ್, ಪೈಪಿನಲ್ಲಿ ಸೇರಿದ ಗಾಳಿ, ಮಸಿ ಕಟ್ಟಿದ ಇಜಿಆರ್ (ಹೊಗೆಯ ಒಂದು ಪಾಲನ್ನು ಇಂಜಿನ್ನಿಗೆ ಮರಳಿಸುವ ವಾಲ್ವು) ಮೊದಲು. 'ಎನ್' ಪರೀಕ್ಷೆ ಮಾತ್ರ ಎರಡಕ್ಕೂ ಒಂದೇ.

ದೋಷ ಸಿಗುವ ತನಕ ಗಾಡಿ ಓಡಿಸಲೇಬೇಕಾದರೆ ಒಂದಿಷ್ಟು ತಿಳಿದಿರಲಿ. ಇಂಜಿನ್ ಆಫ್ ಆದಾಗ ಬ್ರೇಕ್ ತಕ್ಷಣ ಹೋಗುವುದಿಲ್ಲ. ಬೂಸ್ಟರಿನಲ್ಲಿ ಉಳಿದ ವ್ಯಾಕ್ಯೂಮ್ ಒಂದೆರಡು ಒತ್ತಿಗೆ ಸಾಕು. ಗಾಬರಿಯಲ್ಲಿ ಪಟಪಟನೆ ಒತ್ತಿ ಅದನ್ನು ಖಾಲಿ ಮಾಡದೆ ಒಮ್ಮೆಗೇ ಗಟ್ಟಿಯಾಗಿ ಒತ್ತಿ ಹಿಡಿಯಬೇಕು. ಖಾಲಿಯಾದ ಮೇಲೂ ಬ್ರೇಕ್ ಹಿಡಿಯುತ್ತದೆ, ಮೈಭಾರ ಹಾಕಿ ಒತ್ತಬೇಕಷ್ಟೇ. ಸಾಮಾನ್ಯ ಆಟೊಮ್ಯಾಟಿಕ್ 'ಪಿ' ಅಥವಾ 'ಎನ್'ನಲ್ಲಿ ಮಾತ್ರ ಸ್ಟಾರ್ಟ್ ಆಗುತ್ತದೆ, 'ಡಿ'ಯಲ್ಲಿ ಕೀ ತಿರುಗಿಸಿ ಫಲವಿಲ್ಲ. ತಳ್ಳಿ ಸ್ಟಾರ್ಟ್ ಮಾಡುವ ಆಸೆಯೂ ಬೇಡ. ಚಾರ್ಮಾಡಿ, ಆಗುಂಬೆ ಘಾಟಿಗಳ ತಿರುವುಗಳಲ್ಲಿ ಸ್ಟೀರಿಂಗ್ ಬಿಗಿಯಾಗಿ ಬ್ರೇಕ್ ಗಟ್ಟಿಯಾದರೆ ಏನಾದೀತು ಎಂದು ಯೋಚಿಸಿ. ಈ ಕಾಯಿಲೆಯ ಗಾಡಿಯನ್ನು ಘಟ್ಟ ಇಳಿಸಬಾರದು.

ಸರ್ವಿಸ್‌ಗೆ ಬಿಡುವಾಗ ಜಾಬ್ ಕಾರ್ಡಿನಲ್ಲಿ 'ಗಾಡಿ ಆಫ್ ಆಗುತ್ತದೆ' ಎಂದಷ್ಟೇ ಬರೆಸಬೇಡಿ. 'ಅರ್ಧ ಗಂಟೆ ಓಡಿದ ಮೇಲೆ, ಎಸಿ ಇದ್ದರೂ ಇಲ್ಲದಿದ್ದರೂ, 20ರ ವೇಗಕ್ಕೆ ಇಳಿದಾಗ ಕುಲುಕಿ ಆಫ್ ಆಗುತ್ತದೆ, ಎನ್‌ಗೆ ಹಾಕಿದರೆ ಆಗುವುದಿಲ್ಲ' ಎಂದು ಬರೆಸಿ. ಸ್ಕ್ಯಾನರ್ ಹಾಕುವ ಮೊದಲು ಬ್ಯಾಟರಿ ಟರ್ಮಿನಲ್ ತೆಗೆಯಲು ಬಿಡಬೇಡಿ. ದೋಷ ದಾಖಲಾದ ಗಳಿಗೆಯಲ್ಲಿ ಆರ್‌ಪಿಎಂ ಎಷ್ಟಿತ್ತು, ವೇಗ ಎಷ್ಟಿತ್ತು, ಇಂಜಿನ್ ಎಷ್ಟು ಬಿಸಿಯಾಗಿತ್ತು ಎಂಬುದನ್ನು ಕಂಪ್ಯೂಟರ್ ಫ್ರೀಜ್ ಫ್ರೇಮ್ ಎಂಬ ಹೆಸರಿನಲ್ಲಿ ಬರೆದಿಟ್ಟಿರುತ್ತದೆ, ಟರ್ಮಿನಲ್ ತೆಗೆದರೆ ಅದೂ ಅಳಿಸಿಹೋಗಬಹುದು. ಟ್ರಯಲ್‌ಗೆ ಮೆಕ್ಯಾನಿಕ್ ಹೊರಟಾಗ ನೀವೂ ಪಕ್ಕದಲ್ಲಿ ಕೂತು ಹೋಗಿ, ಗಾಡಿ ಬಿಸಿಯಾಗುವ ಮೊದಲೇ ಆತ ಯು-ಟರ್ನ್ ಹೊಡೆದು ವಾಪಸ್ ಬಾರದಂತೆ ನೋಡಿಕೊಳ್ಳಿ.